ಜ್ವರಕ್ಕೆ ಕಾದ ದಿನಗಳು

"ಎಂತ ಟೀಚರೇ, ತಂಗಿಗೆ ಜ್ವರ ಬಂತಾ?"

ಪರ್ಕಳದ ಬಾಡಿಗೆ ಕೋಣೆಯಿಂದ ಮಣಿಪಾಲದ ಬಸ್ಸಿಗೆ ಹೊರಟಾಗಲೆಲ್ಲ ಮನೆಯೊಡತಿ ಜಲಜಕ್ಕ ಆಸೆಯಿಂದ ಕೇಳುತ್ತಿದ್ದರು. ನಮ್ಮ ವಿಜಯಪುರದಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಜಗಳವೇ ಆಗುತ್ತಿತ್ತು.

ತಂಗಿ ಸಾವಿತ್ರಿಗೆ ರಕ್ತದ ಕ್ಯಾನ್ಸರ್. ಔಷಧಿಗೆ ತಗ್ಗಿದ್ದು ಮತ್ತೆ ತಲೆಯೆತ್ತಿತ್ತು. ನಾನು ಶಾಲೆಗೆ ರಜೆ ಹಾಕಿ ಅವಳೊಂದಿಗೆ ಮಣಿಪಾಲದ ಆಸ್ಪತ್ರೆಗೆ ಬಂದೆ. ಉಳಿದಿದ್ದುದು ಇನ್ನೂ ಪ್ರಯೋಗದಲ್ಲಿರುವ ಒಂದು ಚಿಕಿತ್ಸೆ. ಅವಳದೇ ರಕ್ತದಿಂದ ರೋಗದೊಡನೆ ಹೋರಾಡುವ ಕಣಗಳನ್ನು ತೆಗೆದು, ಅವುಗಳ ಜೀನ್ ತಿದ್ದಿ, ಕ್ಯಾನ್ಸರನ್ನು ಗುರುತಿಸುವಂತೆ ಮಾಡಿ, ಮರಳಿ ಏರಿಸಿದರು. ಸಣ್ಣ ಚೀಲ, ಬೇಗ ಖಾಲಿಯಾಯಿತು.

"ಜ್ವರ ಬಂದರೆ ಕಣಗಳು ಕೆಲಸ ಶುರು ಮಾಡಿರಬಹುದು. ಸೋಂಕೂ ಇರಬಹುದು. ಏರಿದರೆ ಅಪಾಯವೂ ಉಂಟು," ಎಂದರು ಡಾಕ್ಟರು. ಜಲಜಕ್ಕ ಮೊದಲ ಮಾತನ್ನಷ್ಟೇ ಹಿಡಿದುಕೊಂಡರು.

"ಅಲ್ಲ ಟೀಚರೇ, ತಿದ್ದಿದ ಮೇಲೂ ಅದು ಅವಳದ್ದೇ ರಕ್ತವಾ?"

"ಅವಳದೇ ರೀ."

"ಕ್ಯಾನ್ಸರೂ ಅವಳದ್ದೇ ಅಲ್ವಾ? ಹಾಗಾದ್ರೆ ಗುರುತು ಹಿಡೀಲಿಕ್ಕೆ ಕಷ್ಟ ಉಂಟು ಮಾರಾಯ್ರೆ."

ಡಾಕ್ಟರನ್ನು ಕೇಳಿದೆ. ಕಷ್ಟ ಅದೇ, ಅದಕ್ಕೇ ತಿದ್ದುವುದು ಎಂದರು.

ನಮ್ಮಲ್ಲಿ ಚಿಂತೆಯಿರುವ ಮನೆಗೆ ಜನ ಬಂದು ಕೂರುತ್ತಾರೆ. ಇಲ್ಲಿ ಯಾರೂ ಬಂದು ಕೂರಲಿಲ್ಲ. ಬಾಗಿಲ ಬಳಿ ಕುಚ್ಚಲಕ್ಕಿ ಗಂಜಿ ಇರುತ್ತಿತ್ತು, ಮೇಲೊಂದು ತಟ್ಟೆ ಮುಚ್ಚಿ. ಆ ದಪ್ಪ ಅಗುಳು ಮೊದಮೊದಲು ನನಗೆ ಗಂಟಲಿಗಿಳಿಯಲಿಲ್ಲ. ಊರಿಂದ ಹೊತ್ತು ತಂದ ಹಂಚಿನಲ್ಲಿ ನಾನು ಜೋಳದ ರೊಟ್ಟಿ ಬಡಿದು ಬೇಯಿಸಿದರೆ, ಜಲಜಕ್ಕ ಮೀನು ಸಾರಿಗೆ ಅದ್ದಿ ಮುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಸಾವಿತ್ರಿಯ ಹಣೆ ಸುಡುತ್ತಿತ್ತು. ಊರಿಗೆ ಫೋನ್ ಮಾಡಿ, "ಅವ್ವಾ, ಜ್ವರಾ ಬಂತು!" ಎಂದೆ.

"ನಕ್ಕೋತ ಹೇಳ್ತಿಯಲ್ಲ, ತಲಿ ನೆಟ್ಟಗೈತೇನ ನಿಂದು?"

ಸಂಜೆಗೆ ನಗು ನಿಂತಿತು. ಸಾವಿತ್ರಿ ತನ್ನ ಹೆಸರು ಹೇಳಲು ತಡವರಿಸಿದಳು. ಐಸಿಯುಗೆ ಸಾಗಿಸಿದರು. ಮಾರನೆಯ ದಿನ ಜಲಜಕ್ಕ ಸೆರಗು ಸರಿಮಾಡಿಕೊಂಡು ನನ್ನ ಜೊತೆಯೇ ಬಸ್ಸು ಹತ್ತಿದರು.

ಜ್ವರ ಇಳಿಯಿತು. ಸಾವಿತ್ರಿಗೆ ಹೆಸರು ಮರಳಿ ಬಂತು. ವಾರಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಡಾಕ್ಟರು ಹೋಯಿತು ಎನ್ನಲಿಲ್ಲ, ಈಗ ಕಾಣುತ್ತಿಲ್ಲ ಎಂದರು. ಊರಿಗೆ ಹೋಗಬಹುದು. ತಪಾಸಣೆಗೆ ಬರುತ್ತಿರಬೇಕು. ಇನ್ನು ಜ್ವರ ಬಂದರೆ ಕೂಡಲೇ ತಿಳಿಸಬೇಕು.

ನಾಳೆ ಹೊರಡುತ್ತೇವೆ. ಹಂಚನ್ನು ಇಲ್ಲೇ ಬಿಟ್ಟಿದ್ದೇನೆ. ಜಲಜಕ್ಕ ಅದನ್ನು ತೊಳೆದು ಒಲೆಯ ಪಕ್ಕ ಒರಗಿಸಿಟ್ಟಿದ್ದಾರೆ. ನಮ್ಮ ಚೀಲದ ತಳದಲ್ಲಿ ಅವರು ಕೊಟ್ಟ ಕುಚ್ಚಲಕ್ಕಿ. ಆಸ್ಪತ್ರೆಯಿಂದ ಬಂದಾಗಿನಿಂದ ಸಾವಿತ್ರಿಗೆ ಅದರ ಗಂಜಿಯೊಂದೇ ಸೇರುವುದು.

ಊರಲ್ಲಿ ಅವ್ವ ಅವಳಿಗೆಂದು ಜೋಳ ಬೀಸಿಸಿ ಇಟ್ಟಿದ್ದಾಳಂತೆ.