ಅರ್ಧ ಮುಖದ ಬೆವರು

ಮೊನ್ನೆ ಎದುರುಮನೆಯ ಬಾಣಂತಿ ಕೋಣೆಯಿಂದ ಸಾಂಬ್ರಾಣಿ ಹೊಗೆ ನಮ್ಮ ಜಗಲಿವರೆಗೂ ಬಂತು. ಕೈಲಿದ್ದ ಕೆಲಸ ನಿಂತಿತು. ಕೂಸುಗಳಿಗೆ ಎರೆಯುತ್ತಿದ್ದ ಆ ಅಕ್ಕನ ನೆನಪು...

ಚಳ್ಳಕೆರೆಯ ಎಣ್ಣೆಮಿಲ್ಲಿನ ಹಿಂದಿನ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅವರ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಂಡವೇ. ಮೊಳಕಾಲ್ಮೂರಿನ ಕಡೆಯವರು, ಗಂಡ ಹೋದ ಮೇಲೆ ಒಬ್ಬರೇ ಇದ್ದರು. "ರಾ ತಲ್ಲೀ", ಬಾರಮ್ಮ ಎಂದು ತೆಲುಗಿನಲ್ಲಿ ಕರೆದರೆ ಸಾಕು, ನನ್ನ ಮಗಳು ಅಳು ನಿಲ್ಲಿಸುತ್ತಿದ್ದಳು.

ಮಗಳಿಗೆ ಮೂರು ತಿಂಗಳಾಗಿದ್ದಾಗ ಅವರ ಕುತ್ತಿಗೆಯ ಥೈರಾಯ್ಡ್ ಗಂಟಿಗೆ ಆಪರೇಷನ್ ಆಯಿತು. ದನಿ ಹೋದೀತೆಂದು ಹೆದರಿದ್ದರು. ದನಿ ಉಳಿಯಿತು. ತಿಂಗಳು ಕಳೆದು ಮತ್ತೆ ಬಂದು, ಸೆರಗು ಸಿಕ್ಕಿಸಿ ಬಚ್ಚಲಿನಲ್ಲಿ ಕೂತರು. ಬಿಸಿನೀರು ತೋಡಿಕೊಡುತ್ತಾ ನಾನು ಅವರ ಮುಖ ನೋಡಿದೆ...

ಎಡಗಡೆ ಬೆವರು ಧಾರಾಕಾರ ಇಳಿಯುತ್ತಿತ್ತು. ಬಲಗಡೆ ಒಂದು ಹನಿಯೂ ಇಲ್ಲ. ಹಣೆಯ ನಡುವೆ ಯಾರೋ ನೂಲು ಹಿಡಿದು ಗೆರೆ ಎಳೆದ ಹಾಗೆ ಬೆವರು ಅಲ್ಲಿಗೇ ನಿಂತಿತ್ತು. ಬಲರೆಪ್ಪೆ ಜೋತಿತ್ತು. ಬಚ್ಚಲಿನ ಮಬ್ಬಿನಲ್ಲಿ ಎಡಗಣ್ಣಿನ ಪಾಪೆ ಅಗಲವಾಗಿತ್ತು, ಬಲಗಣ್ಣಿನದು ಸಾಸಿವೆಕಾಳಿನಷ್ಟು. ಆ ಸಣ್ಣ ಪಾಪೆಯೊಂದೇ ನನ್ನನ್ನು ನೋಡುತ್ತಿದೆ ಅನ್ನಿಸಿ ಕೈಯಿಂದ ತಂಬಿಗೆ ಜಾರಿತು.

"ಹೆದರಬ್ಯಾಡ ಕಣವ್ವ," ಅಂದರು. "ಗಂಟು ತೆಗೆವಾಗ ಒಂದು ನರಕ್ಕೆ ಪೆಟ್ಟಾಗೈತಂತೆ. ಎಲ್ಲೋ ಒಬ್ಬರಿಗೆ ಹಿಂಗಾಗ್ತೈತಂತೆ."

ನನ್ನ ಅವ್ವ ನಂಬಲಿಲ್ಲ. "ನರ ಅಂತೆ! ಆ ಮುಖದಾಗೆ ಇಬ್ಬರು ಅದಾರೆ. ಕೂಸನ್ನ ಅವಳ ಕಾಲ್ಮ್ಯಾಲೆ ಹಾಕಬ್ಯಾಡ."

ಓಣಿಯೂ ಅದನ್ನೇ ಗುಸುಗುಟ್ಟಿತು. ನಿಜ ಹೇಳಬೇಕೆಂದರೆ ನನಗೂ ಭಯವೇ. ಆ ರಾತ್ರಿ ಕೂಸು ನಿದ್ದೆಯಲ್ಲಿ ಬೆಚ್ಚಿದರೂ ಒಣಗಿದ ಆ ಅರ್ಧ ಮುಖವೇ ಕಣ್ಣಮುಂದೆ ಬರುತ್ತಿತ್ತು.

ಮರುದಿನ ಅವರು ಬಂದಾಗ ಬಾಗಿಲಿಗೆ ಅಡ್ಡ ನಿಂತು, "ಕೂಸಿಗೆ ಶೀತ ಆಗೈತಕ್ಕ" ಅಂದೆ. ಒಳಗೆ ಮಗಳು ಕೇಕೆ ಹಾಕಿ ನಗುತ್ತಿದ್ದಳು. ಅಕ್ಕ ಬಿಸಿಲಲ್ಲಿ ನಿಂತೇ ಇದ್ದರು. ಬೆವರು ಅರ್ಧ ಮುಖಕ್ಕಷ್ಟೇ ಇಳಿಯಿತು. ಕಣ್ಣೀರು ಮಾತ್ರ ಎರಡೂ ಕಣ್ಣಿಂದ ಬಂತು...

"ಆರಾಮಾಗ್ಲಿ ಬಿಡು," ಎಂದು ತಿರುಗಿದರು. ಆ ವಾರವೇ ಮೊಳಕಾಲ್ಮೂರಿಗೆ, ತಮ್ಮನ ಮನೆಗೆ ಹೊರಟುಹೋದರು.

ವರ್ಷಗಳ ಮೇಲೆ ನನ್ನ ಕುತ್ತಿಗೆಯಲ್ಲೂ ಗಂಟು ಕಾಣಿಸಿತು. ಡಾಕ್ಟರಿಗೆ ಅಕ್ಕನ ಮುಖದ ವಿಷಯ ಹೇಳಿದೆ. ಕಣ್ಣಿಗೂ ಮುಖದ ಬೆವರಿಗೂ ಸಂಬಂಧಪಟ್ಟ ನರವೊಂದು ಕುತ್ತಿಗೆಯ ಆಳದಲ್ಲಿ ಹಾದುಹೋಗುತ್ತದೆ, ತೀರಾ ಅಪರೂಪಕ್ಕೆ ಅದಕ್ಕೆ ಏಟು ಬೀಳುತ್ತದೆ ಎಂದರು. ಅಕ್ಕ ಅಂದದ್ದೂ ಅದನ್ನೇ. ನನಗೆ ಮಾತ್ರೆಯಲ್ಲೇ ಮುಗಿಯಿತು. ಆದರೂ ಒಲೆ ಮುಂದಿನಿಂದ ಎದ್ದಾಗಲೆಲ್ಲ ಕನ್ನಡಿಯ ಬಳಿ ಹೋಗಿ, ಬೆವರು ಎರಡೂ ಕಡೆ ಇದೆಯೇ ಎಂದು ನೋಡಿಕೊಳ್ಳುತ್ತೇನೆ.

ಹೋದ ವರ್ಷ ಮೊಳಕಾಲ್ಮೂರಿಗೆ ಹೋದೆ. ಅಕ್ಕ ತೀರಿಕೊಂಡು ಆರು ತಿಂಗಳಾಗಿತ್ತು. ಮಗ್ಗದ ಮುಂದೆ ಕೂತಿದ್ದ ತಮ್ಮನ ಹೆಂಡತಿ ಹೇಳಿದಳು: "ಕೊನೇವರೆಗೂ ಈ ಬೀದಿ ಕೂಸುಗಳಿಗೆಲ್ಲ ಆಕೇನೇ ಎರೀತಿದ್ಲಮ್ಮ. ಹೊಸ ಬಾಣಂತಿ ಮನೆಗೆ ಹೋದ್ರೆ ಮೊದಲೇ ಹೇಳಿಬಿಡೋಳು, ನನ್ನ ಮುಖ ನೋಡಬ್ಯಾಡ, ಕೈ ನೋಡು ಅಂತ."

ಮಗಳಿಗೀಗ ಹನ್ನೊಂದು. ತನಗೆ ಎರೆದವರು ಯಾರೆಂದು ಅವಳಿಗೆ ಹೇಳಿದ್ದೇನೆ. ಬಾಗಿಲಲ್ಲಿ ನಿಂತು ನಾನಾಡಿದ ಸುಳ್ಳನ್ನು ಇನ್ನೂ ಹೇಳಿಲ್ಲ.