ಮೂಲೆಯಲ್ಲಿದ್ದ ಬೆರಳು

ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಅರ್ಧ ಎತ್ತಿದ ಅಂಗಡಿ ಶಟರಿನ ಕೆಳಗೆ ಬಗ್ಗಿ ಒಳಬಂದ, ಊರವರು ಕರೆಯುವ ಹಾಗೆ 'ಫೋಟೋ ಅಕ್ಕ', ಕಂಪ್ಯೂಟರಿನ ಮೇಲೆ ಹೊದಿಸಿದ ಬಟ್ಟೆ ತೆಗೆದು ಕನ್ನಡಕವನ್ನು ತೋಳಿಗೆ ಒರೆಸಿಕೊಳ್ಳುತ್ತಾರೆ. ರಸ್ತೆಯಲ್ಲಿ ಲಾರಿಗಳ ಓಡಾಟ ಶುರುವಾದರೆ ಮೇಜು ನಡುಗುತ್ತದೆ. ಕಣ್ಣಿನ ಕೆಲಸವೆಲ್ಲ ಅಷ್ಟರೊಳಗೇ ಮುಗಿಯಬೇಕು.

ಪುಟ್ಟ ಡಿಜಿಟಲ್ ಕ್ಯಾಮೆರಾಗಳಲ್ಲಿ ಜನ ತೆಗೆದ ಚಿತ್ರಗಳನ್ನು ತಿದ್ದಿ ಪ್ರಿಂಟು ಹಾಕುವುದು ಅವರ ಕಸುಬು. ಕ್ರಮ ಸರಳ. ಮೊದಲು ಎಲ್ಲವನ್ನೂ ಇದ್ದ ಹಾಗೇ ಒಂದು ಕಡೆ ತೆಗೆದಿಟ್ಟು, ಆಮೇಲೆ ನಕಲನ್ನಷ್ಟೇ ಮುಟ್ಟುವುದು. ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿ, ಅಂಚು ಕತ್ತರಿಸಿ, ಮಂಕಾದ ಮುಖಕ್ಕೆ ಬೆಳಕು ಕೊಟ್ಟು, ಫ್ಲ್ಯಾಶಿಗೆ ಕೆಂಪಾದ ಕಣ್ಣನ್ನು ಸರಿಪಡಿಸುವುದು. "ಹೆಚ್ಚು ಕೆದಕಬಾರದು. ಬೆಳಕು ಜಾಸ್ತಿಯಾದ್ರೆ ಮನುಷ್ಯ ಸುಣ್ಣ ಬಳಿದ ಗೋಡೆ ಥರ ಕಾಣ್ತಾನೆ," ಎಂದು ನಗುತ್ತಾರೆ.

ಹಿಂದೆ ಇದೇ ಅಂಗಡಿಯ ಕತ್ತಲಕೋಣೆಯಲ್ಲಿ ಪ್ರಿಂಟು ತೊಳೆದ ಕೈ ಅವರದು. ಔಷಧಿ ನೀರಿಗೆ ಬೆರಳ ಚರ್ಮ ಸುಲಿಯುತ್ತಿತ್ತು. ರೀಲಿನ ಕಾಲ ಮುಗಿದು ಮಾಲೀಕ ಬಾಗಿಲು ಹಾಕಲು ಹೊರಟಾಗ, ತಮ್ಮನನ್ನು ಕೌಂಟರಿಗೆ ಕೂರಿಸಿ ಅಂಗಡಿಯನ್ನು ತಾವೇ ವಹಿಸಿಕೊಂಡರು. ಮೂಲ ಚಿತ್ರಗಳನ್ನು ಅಳಿಸಲೊಲ್ಲದ ಅವರ ಹಟ ತಮ್ಮನಿಗೆ ತಮಾಷೆ. "ನಮ್ಮಕ್ಕ ಕಸಾನೂ ಗಂಟು ಕಟ್ಟಿಡ್ತಾಳೆ. ಕಂಪ್ಯೂಟರ್‌ಗೆ ಅಜೀರ್ಣ ಆಗಿದೆ."

ಇವತ್ತು ಶಟರು ಪೂರ್ತಿ ಏಳುವ ಮೊದಲೇ ಒಬ್ಬ ಅಜ್ಜಿ ಬಂದು ನಿಂತಿದ್ದಾರೆ. ನಿನ್ನೆ ಒಯ್ದ ಫೋಟೋಗಳನ್ನು ಮೇಜಿನ ಮೇಲೆ ಹರಡುತ್ತಾರೆ. ಮಕ್ಕಳು, ಮೊಮ್ಮಗಳು, ಮೆಟ್ಟಿಲ ಮೇಲೆ ಮಲಗಿದ ನಾಯಿ. ಎಲ್ಲವೂ ಚೊಕ್ಕವಾಗಿವೆ.

"ಬೆರಳೆಲ್ಲಿ ತಾಯಿ?"

"ಯಾವ ಬೆರಳು ಅಜ್ಜಿ?"

"ನಮ್ಮನೆಯವರದು."

ಅಕ್ಕನಿಗೆ ಥಟ್ಟನೆ ನೆನಪಾಗುತ್ತದೆ. ಚಿತ್ರಗಳ ಮೂಲೆಯಲ್ಲೆಲ್ಲ ಲೆನ್ಸಿಗೆ ಅಡ್ಡವಾಗಿ ಒಂದು ಬೆರಳಿತ್ತು. ಪುಟ್ಟ ಕ್ಯಾಮೆರಾ ಹಿಡಿದವರಿಗೆ ಆಗುವಂಥದ್ದೇ. ಎಂದಿನಂತೆ ಕತ್ತರಿಸಿ ಹಾಕಿದ್ದರು.

"ಬದುಕಿರೋ ತನಕ ಕ್ಯಾಮೆರಾ ಯಾರ ಕೈಗೂ ಕೊಡಲಿಲ್ಲ ಪುಣ್ಯಾತ್ಮ. ಅದಕ್ಕೇ ಇದರಲ್ಲಿ ಒಂದು ಫೋಟೋದಲ್ಲೂ ಅವರಿಲ್ಲ. ಬೆರಳು ಅಡ್ಡ ಬಂತು ಅಂತ ನಾನು ಬೈದಿದ್ದೇ ಬೈದಿದ್ದು. ಈಗ ಇರೋದು ಅದೊಂದೇ. ಮೊಮ್ಮಗಳಿಗೆ ಬೇಕು ಅಂತ ಕ್ಯಾಮೆರಾದ ಕಾರ್ಡನ್ನೂ ನಿಮ್ಮ ಹತ್ರಾನೇ ಖಾಲಿ ಮಾಡಿಸಿಬಿಟ್ಟೆನಲ್ಲ..."

ಕೌಂಟರಿನಲ್ಲಿದ್ದ ತಮ್ಮ, ಅಕ್ಕನ ಮುಖ ನೋಡುತ್ತಾನೆ. ಅಕ್ಕ ತಾವು ತೆಗೆದಿಟ್ಟ ಮೂಲ ಚಿತ್ರಗಳನ್ನು ತೆರೆಯುತ್ತಾರೆ. ಮೊಮ್ಮಗಳ ತಲೆಯ ಮೇಲೆ, ಮೂಲೆಯಲ್ಲಿ, ಮಸುಕು ಕೆಂಪಿನ ಗುಡ್ಡದಂತೆ ಬೆರಳು.

"ಇದೇ! ನೋಡು, ಮಗು ಜುಟ್ಟಿಗೂ ಅಡ್ಡ ಬಂದಿದಾರೆ," ಅಜ್ಜಿ ಬೈಯುವ ದನಿಯಲ್ಲೇ ನಗುತ್ತಾರೆ.

"ಹಿಂಗೇ ಪ್ರಿಂಟು ಹಾಕಿಬಿಡ್ಲಾ ಅಕ್ಕ?" ತಮ್ಮ ಮೆಲ್ಲಗೆ ಕೇಳುತ್ತಾನೆ.

"ತಡಿಯೋ." ಅಕ್ಕ ಕನ್ನಡಕ ಏರಿಸಿಕೊಂಡು ಪರದೆಗೆ ಬಾಗುತ್ತಾರೆ. "ಬೆರಳು ಕತ್ತಲಲ್ಲಿದೆ. ಸ್ವಲ್ಪ ಬೆಳಕು ಕೊಡ್ತೀನಿ."