ಬೀಗದಕ್ಕನ ಮೊದಲ ಬಸ್ಸು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಶಿಶುಪಾಲನಾ ಕೇಂದ್ರದ ಗೇಟಿನ ಮುಂದೆ ಒಬ್ಬ ತಾಯಿ ಆಗಲೇ ನಿಂತಿದ್ದಾಳೆ. ಮಗು ಹೆಗಲ ಮೇಲೆ, ಕಣ್ಣು ರಸ್ತೆಯ ಮೇಲೆ. ತಿರುವಿನಲ್ಲಿ ದಾಪುಗಾಲು ಹಾಕುತ್ತಾ ಒಬ್ಬರು ಕಾಣಿಸುತ್ತಿದ್ದಂತೆ ಅವಳಿಗೆ ಹೋದ ಜೀವ ಬಂದಂತಾಗುತ್ತದೆ. ಬಂದವರು ಕುತ್ತಿಗೆಯ ದಾರದಿಂದ ಕೀಲಿಕೈ ಎಳೆದು, ಬೀಗವನ್ನು ತುಸು ಮೇಲೆತ್ತಿ ತಿರುಗಿಸುತ್ತಾರೆ. ಮೇಲೆತ್ತದಿದ್ದರೆ ಅದು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ.

ಇವರೇ ಬೀಗದಕ್ಕ. ಮಕ್ಕಳು ಇಟ್ಟ ಹೆಸರು, ತಾಯಂದಿರ ಬಾಯಲ್ಲೂ ಅದೇ ನಿಂತಿದೆ. ಕಿಟಕಿ ತೆರೆದು, ಚಾಪೆ ಹಾಸಿ, ಹಾಲು ಕಾಯಲಿಡುವಷ್ಟರಲ್ಲಿ ಅಂಗಳ ತುಂಬುತ್ತದೆ. ತಾಯಂದಿರೆಲ್ಲ ಮೊದಲ ಪಾಳಿಯವರು. ಮಗುವನ್ನು ಒಪ್ಪಿಸಿ ಓಡಿದರೆ ಕಾರ್ಖಾನೆಯ ಬಾಗಿಲು ಸಿಗುತ್ತದೆ, ಇಲ್ಲವಾದರೆ ಆ ದಿನದ ಕೂಲಿಗೆ ಕೊಕ್ಕೆ.

ಬೀಗದಕ್ಕನ ಮನೆ ಊರಿನ ಇನ್ನೊಂದು ತುದಿಯಲ್ಲಿ. ಎರಡು ಬಸ್ಸು ಹತ್ತಬೇಕು. ಎರಡನೆಯದರ ಬಗ್ಗೆ ಅವರಿಗೆ ತಕರಾರಿಲ್ಲ. ತಲೆನೋವೆಲ್ಲ ಮೊದಲನೆಯದರದು. "ನಾವು ಬೇಗ ಹೋದ್ರೆ ಅದು ಬರಲ್ಲ, ಅದು ಬೇಗ ಬಂದ್ರೆ ನಾವಿರಲ್ಲ," ಅನ್ನುತ್ತಾರೆ. ಬಾಡಿಗೆ ಗಾಡಿ ಹತ್ತಿದರೆ ದುಡಿದದ್ದೆಲ್ಲ ಗಾಡಿಯವನ ಜೇಬಿಗೆ.

ಈ ಬಸ್ಸಿಗೆ ಇನ್ನೊಂದು ಗುಣವಿದೆ. ಹಣೆಯ ಬೋರ್ಡಿನಲ್ಲಿ ಹಿಂದಿನ ರಾತ್ರಿ ಹೋದ ಜಾಗದ ಹೆಸರೇ ಇರುತ್ತದೆ, ಬಿಸಿಲೇರುವವರೆಗೆ ಬದಲಾಯಿಸುವ ಗೊಡವೆಗೆ ಯಾರೂ ಹೋಗುವುದಿಲ್ಲ. ಹಾಗಾಗಿ ಸ್ಟಾಪಿನ ಕಾಯಂ ಗಿರಾಕಿಗಳು ಬೋರ್ಡು ಓದುವುದನ್ನು ಎಂದೋ ಬಿಟ್ಟಿದ್ದಾರೆ. ಅವರು ನೋಡುತ್ತಿದ್ದದ್ದು ಡ್ರೈವರನ ಗಡ್ಡವನ್ನು. ಗಡ್ಡದಣ್ಣ ಕಂಡರೆ ನಮ್ಮ ಬಸ್ಸು, ಅಷ್ಟೇ. ಯಾರಾದರೂ ಇನ್ನೂ ಓಡಿ ಬರುತ್ತಿದ್ದರೆ, ಈ ಗಿರಾಕಿಗಳಲ್ಲೊಬ್ಬರಾದ ಆಸ್ಪತ್ರೆಯ ಆಯಾ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಚಪ್ಪಲಿ ಸರಿಮಾಡಿಕೊಳ್ಳುತ್ತಾ ನಿಲ್ಲುತ್ತಾರೆ. ಚಪ್ಪಲಿಗೆ ಏನೂ ಆಗಿರುವುದಿಲ್ಲ.

ಕಳೆದ ತಿಂಗಳು ಒಂದು ದಿನ ಬಸ್ಸು ಸರಿಯಾದ ಹೊತ್ತಿಗೆ ಬಂತು. ಆಗಲೇ ಅನುಮಾನ ಬರಬೇಕಿತ್ತು. ಗಡ್ಡ ಕಂಡದ್ದೇ ಎಲ್ಲರೂ ಹತ್ತಿದರು. ಸೂಟ್‌ಕೇಸ್ ಹಿಡಿದ ಒಬ್ಬ ಹೊಸಬ ಬೋರ್ಡು ಓದಿಕೊಂಡು, "ಇದು ರೈಲ್ವೆ ಸ್ಟೇಷನ್ನಿಗೇ ಹೋಗೋದಲ್ವಾ?" ಅಂತ ಕೇಳಿದ. "ಬೋರ್ಡು ನಂಬ್ಕೊಂಡು ಕೆಡಬೇಡಿ," ಅಂತ ಬೀಗದಕ್ಕನೇ ಮುಂದೆ ನಿಂತು ಅವನನ್ನು ಇಳಿಸಿದರು. ಸೇತುವೆಯ ಬಳಿ ಬಸ್ಸು ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಿತು. ಹಿಂದಿನ ದಿನವಷ್ಟೇ ಗಡ್ಡದಣ್ಣನನ್ನು ಬೇರೆ ಮಾರ್ಗಕ್ಕೆ ಹಾಕಿದ್ದರು. ಬೋರ್ಡು ಅವತ್ತು ಸರಿಯಾಗಿತ್ತು.

"ಪಾಪ, ಆ ಮನುಷ್ಯನಿಗೆ ರೈಲು ತಪ್ಪಿಸಿದ್ದೇ ನಾನು," ಎಂದು ಬೀಗದಕ್ಕ ಈಗಲೂ ಪೇಚಾಡಿಕೊಳ್ಳುತ್ತಾರೆ. ಆದರೆ ನಗುವಂಥದ್ದು ಅಲ್ಲಿಗೇ ಮುಗಿಯಿತು. ಕೇಂದ್ರ ಮುಟ್ಟುವಾಗ ಬಿಸಿಲೇರಿತ್ತು. ತಾಯಂದಿರಲ್ಲಿ ಕೆಲವರು ಮಗುವನ್ನು ಎತ್ತಿಕೊಂಡು ಮನೆಗೆ ಮರಳಿದ್ದರು. ಕಾದು ಕಾದು, ಮಗುವನ್ನು ಕೇಂದ್ರದ ಪಕ್ಕದ ಮನೆಯಲ್ಲಿ ಬಿಟ್ಟು ತಡವಾಗಿ ಓಡಿದವಳೊಬ್ಬಳನ್ನು ಕಾರ್ಖಾನೆಯವರು ಒಳಗೇ ಬಿಟ್ಟಿರಲಿಲ್ಲ. ಕೇಂದ್ರದ ಯಜಮಾನಿ ಬೈಯಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಕೀಲಿಕೈ ಪಕ್ಕದ ಮನೆಯವರಿಗೆ ಕೊಡ್ತೀನಿ. ನೀವು ನಿಧಾನಕ್ಕೆ ಬನ್ನಿ," ಅಂದರು.

ಬೇರೆಯವರಾಗಿದ್ದರೆ ಇನ್ನಷ್ಟು ನಿದ್ದೆ ಸಿಕ್ಕಿತೆಂದು ಖುಷಿಪಡುತ್ತಿದ್ದರೇನೋ. ಬೀಗದಕ್ಕನ ಮನಸ್ಸು ಮಾತ್ರ ಗೇಟಿನಲ್ಲಿ ಕಾದ ತಾಯಂದಿರ ಮೇಲೇ ಇತ್ತು. ಮಗಳು ಚಿಕ್ಕವಳಿದ್ದಾಗ ಅವರೂ ಬಟ್ಟೆ ಕಾರ್ಖಾನೆಯಲ್ಲಿದ್ದರು. ಒಂದು ಬೆಳಿಗ್ಗೆ ಮಗಳನ್ನು ಬಿಡುವ ಜಾಗಕ್ಕೆ ಬೀಗ. ತೆರೆಯಬೇಕಾದವಳು ಬರುವಷ್ಟರಲ್ಲಿ ಇವರ ಕೆಲಸ ಹೋಗಿತ್ತು. "ಆ ಬೀಗದ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಈಗ ಇನ್ಯಾರೋ ನನ್ನ ಬೀಗದ ಮುಂದೆ ಹಂಗೇ ನಿಂತ್ರೆ ಹೆಂಗೆ ಸಹಿಸ್ಲಿ?"

ಅಂದಿನಿಂದ ಅವರು ಸ್ಟಾಪಿನಲ್ಲಿ ನಿಲ್ಲುವುದನ್ನೇ ಬಿಟ್ಟಿದ್ದಾರೆ. ಕತ್ತಲಿರುವಾಗಲೇ ಹೊರಟು ಬಸ್ಸಿನ ದಾರಿಯಲ್ಲೇ ಹೆಜ್ಜೆ ಹಾಕುತ್ತಾರೆ, ಆಗಾಗ ಹಿಂತಿರುಗಿ ನೋಡುತ್ತಾರೆ. ಬಂದರೆ ಹತ್ತುವುದು, ಬಾರದಿದ್ದರೆ ಎರಡನೆಯ ಬಸ್ಸಿನವರೆಗೂ ನಡೆಯುವುದು. "ಬಸ್ಸಿಗೆ ದಾರಿ ತೋರಿಸೋಕೆ ಹೊರಟ್ಳು," ಎಂದು ದರ್ಜಿ ಗಂಡ ಛೇಡಿಸುತ್ತಾನೆ. ಛೇಡಿಸುತ್ತಲೇ ಎದ್ದು ಚಹಾ ಮಾಡಿಕೊಡುತ್ತಾನೆ.

ಎರಡು ಸ್ಟಾಪುಗಳ ನಡುವೆ ಇದ್ದಾಗ ಬಸ್ಸು ಬಂದರೇ ಕಷ್ಟ. ಒಮ್ಮೆ ಸೇತುವೆಯ ಮೇಲೆ ಬಸ್ಸು ಪಕ್ಕದಲ್ಲೇ ಭರ್ರನೆ ಹೋಗಿಬಿಟ್ಟಿತು. ಮುಂದಿನ ಸ್ಟಾಪಿನಲ್ಲಿ ನೋಡಿದರೆ ಇನ್ನೂ ನಿಂತಿದೆ. ಬಾಗಿಲಲ್ಲಿ ಆಯಾ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಚಪ್ಪಲಿಯ ಜೊತೆ ಗುದ್ದಾಡುತ್ತಿದ್ದರು.

ಏನಾಗಬೇಕು ನಿಮಗೆ ಎಂದು ಕೇಳಿದರೆ ಬೀಗದಕ್ಕ ಹಾಲು ಕಲಕುತ್ತಾ ಯೋಚಿಸುತ್ತಾರೆ. "ಬೇಗ ಬರ್ಲಿ ಅಂತ ನಾನೇನು ಕೇಳಲ್ಲ. ಬರಲ್ಲ ಅಂದ್ರೆ ಬರಲ್ಲ ಅಂತ ಯಾರಾದ್ರೂ ಮೊದಲೇ ಹೇಳ್ಲಿ. ಹಿಂದೆ ತಿರುಗಿ ನೋಡೋದಾದ್ರೂ ತಪ್ಪುತ್ತೆ."

ಈ ಬೆಳಿಗ್ಗೆಯೂ ಮೊದಲ ಬಸ್ಸು ಬಂದಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬೀಗ ತೆಗೆಯುವಾಗ, ಗೇಟಿನಲ್ಲಿ ಕಾದಿದ್ದ ಆ ತಾಯಿ ಕೇಳಿದ್ದಳು: "ಇವತ್ತೂ ಬಸ್ಸಿಲ್ವಾ ಅಕ್ಕಾ? ಅಷ್ಟು ದೂರ ನಡ್ಕೊಂಡೇ ಬಂದ್ರಾ?"

"ಬಸ್ಸಿನ ಮಾತು ಬಿಡು," ಅಂದಿದ್ದರು ಬೀಗದಕ್ಕ, ಎರಡೂ ಕೈ ಚಾಚಿ. "ಮಗು ಕೊಡು, ನೀನು ಓಡು."